ಸರೋವರ ಎಂದು ಬರೆದ ತಪ್ಪಿಗೆ

ಊರಿನ ಅರ್ಧಕ್ಕರ್ಧ ಅಂಗಡಿಗಳ ಹೆಸರು ಬರೆದ ಕೈ ಅವಳದು. ಅವಳ ಹೆಸರು ಮಾತ್ರ ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಬೋರ್ಡಕ್ಕ. ಅಣ್ಣನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗೋಡೆಗೆ ಒರಗಿಸಿದ ತಗಡುಗಳು, ಬಾಯಿ ಒಣಗಿದ ಬಣ್ಣದ ಡಬ್ಬಿಗಳು, ಸೀಮೆಎಣ್ಣೆಯ ಲೋಟದಲ್ಲಿ ತಲೆಕೆಳಗಾಗಿ ಮುಳುಗಿದ ಕುಂಚಗಳು. ಫ್ಲೆಕ್ಸ್ ಬಂದು ಅವಳ ಹೊಟ್ಟೆಯ ಮೇಲೆ ಹೊಡೆದದ್ದು ನಿಜ. ಆದರೂ ಆಸ್ಪತ್ರೆಯವರು, ಶಾಲೆಯವರು ಅವಳ ಹತ್ತಿರವೇ ಬರುತ್ತಿದ್ದರು. ಫ್ಲೆಕ್ಸ್ ಎರಡು ಬೇಸಿಗೆಗೆ ಬಿಳಿಚಿಕೊಳ್ಳುತ್ತದೆ, ಬೋರ್ಡಕ್ಕನ ಬಣ್ಣ ತಗಡು ತುಕ್ಕು ಹಿಡಿಯುವ ತನಕ ನಿಲ್ಲುತ್ತದೆ.

ಮನೆಯ ಹಿತ್ತಿಲ ಬಾಗಿಲು ದಾಟಿ, ಬಟ್ಟೆ ಒಗೆಯುವ ಕಲ್ಲು ದಾಟಿ, ಒಂದು ಸಣ್ಣ ಓಣಿ ಮುಗಿದರೆ ಅಲ್ಲಿ ನೆಲವೇ ಮನಸ್ಸು ಬದಲಾಯಿಸುತ್ತಿತ್ತು. ಇತ್ತ ನೆಲವೂ ಅಲ್ಲ, ಅತ್ತ ನೀರೂ ಅಲ್ಲ. ಕಾಲಿಟ್ಟರೆ ಮೆತ್ತಗೆ ಒಳಗೆ ಎಳೆದುಕೊಳ್ಳುವ ಜೌಗು. ಆಳೆತ್ತರದ ಜೊಂಡು, ನಡುನಡುವೆ ಕನ್ನಡಿ ಚೂರಿನಂಥ ನೀರು. ವಸಂತ ಬಂತೆಂದರೆ ಜೊಂಡಿನ ಬುಡದಲ್ಲಿ ಎಳೆ ಹಸಿರು ಚಿಗುರು ಮೊಳೆತು, ಅದರ ಮರೆಯಲ್ಲಿ ನೀರುಕೋಳಿಗಳು ಹುಲ್ಲು ಕಡ್ಡಿ ಹೆಣೆದು ಗೂಡು ಕಟ್ಟುತ್ತಿದ್ದವು.

ಬೋರ್ಡಕ್ಕ ಬೆಳಗಿನ ಹೊತ್ತು ಅಂಗಡಿ ತೆರೆಯುವ ಮೊದಲು ಅಲ್ಲಿಗೆ ಹೋಗಿ ಒಂದು ಕಲ್ಲಿನ ಮೇಲೆ ಕೂತುಕೊಳ್ಳುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ, ಕೇಳುತ್ತಿದ್ದಳು, ಅಷ್ಟೆ. ಕೇಳುವುದು ಅವಳಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಅಪ್ಪ ಊಟ ಮುಗಿಸಿ ಕೈ ತೊಳೆದು ಗೋಡೆಗೆ ಒರಗಿ ಕೂತರೆ ಪದ್ಯಗಳು ಹೊರಡುತ್ತಿದ್ದವು. ಅರ್ಥವಾಗದಿದ್ದರೂ ಅವಳು ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಅಪ್ಪನ ಪದ್ಯಗಳಲ್ಲಿ ವಸಂತ ಬಂದಾಗಲೆಲ್ಲ ಕೋಗಿಲೆ ಕೂಗುತ್ತಿತ್ತು. ಈ ಜೌಗಿನ ವಸಂತಕ್ಕೆ ಕಪ್ಪೆಗಳೇ ಸಾಕು. ಒಂದು ಕಪ್ಪೆ ಪಲ್ಲವಿ ಎತ್ತಿಕೊಟ್ಟರೆ ನೂರು ಕಪ್ಪೆಗಳು ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದವು. ಅದು ಮುಗಿಯುವಷ್ಟರಲ್ಲಿ ಬೋರ್ಡಕ್ಕ ತನಗೇ ತಿಳಿಯದಂತೆ ಕೈ ಮುಗಿದಿರುತ್ತಿದ್ದಳು. ಯಾರಿಗೆ ಎಂದು ಕೇಳಿದ್ದರೆ ಹೇಳಲು ಅವಳಿಗೆ ಬರುತ್ತಿರಲಿಲ್ಲ.

ತಪ್ಪು ಮಾಡಿದವಳು ಅವಳೇ. ಹೋದ ವರ್ಷದ ಮಾತು. ಊರಿನವರು ಮನೆ ಕೆಡವಿದ ಇಟ್ಟಿಗೆ ಚೂರು, ಹರಿದ ಹಾಸಿಗೆ, ಒಡೆದ ಕಮೋಡು, ಎಲ್ಲವನ್ನೂ ತಂದು ಆ ಜೌಗಿಗೆ ಸುರಿಯುತ್ತಿದ್ದರು. ಬೇಡ ಎಂದರೆ, "ಜೌಗಲ್ವಾ ಬೋರ್ಡಕ್ಕ, ಯಾರಿಗೆ ಏನು ಉಪಯೋಗ?" ಎನ್ನುತ್ತಿದ್ದರು. ಹೇಳಿ ಹೇಳಿ ಸಾಕಾಗಿ ಅವಳು ಒಂದು ದೊಡ್ಡ ತಗಡು ತೆಗೆದುಕೊಂಡಳು. 'ಜೌಗು' ಎಂದು ಬರೆದರೆ ಇನ್ನೂ ನಾಲ್ಕು ಗಾಡಿ ಕಸ ಬಂದು ಬೀಳುತ್ತದೆ. ಅಪ್ಪನ ಪದ್ಯಗಳಲ್ಲಿ ನೀರು ನಿಂತ ಕಡೆಗೆಲ್ಲ ಒಂದು ಚೆಂದದ ಮಾತಿತ್ತು. ಅದನ್ನೇ ನೀಲಿ ಬಣ್ಣದಲ್ಲಿ, ಬಿಳಿಯ ನೆರಳು ಕೊಟ್ಟು ಬರೆದು, ಜೌಗಿನ ದಂಡೆಯಲ್ಲಿ ನೆಟ್ಟಳು: 'ನಮ್ಮ ಸರೋವರ'.

ಮಂತ್ರ ಹಾಕಿದ ಹಾಗೆ ಆಯಿತು. ಕಸ ನಿಂತಿತು. ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದವರು ನೆಂಟರನ್ನು ಕರೆತಂದು ಬೋರ್ಡಿನ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿಕೊಂಡರು. ಬೆಳಗ್ಗೆ ವಾಕಿಂಗ್ ಬರುವವರ ಒಂದು ಗುಂಪೇ ಹುಟ್ಟಿಕೊಂಡಿತು. ಬೋರ್ಡಕ್ಕ ಒಳಗೊಳಗೇ ಹಿಗ್ಗಿದಳು. ಒಂದು ಪದಕ್ಕೆ ಇಷ್ಟು ಬಲ ಇದೆಯಲ್ಲ ಎಂದುಕೊಂಡಳು. ಆ ಬಲ ಯಾವ ಕಡೆಗೆ ತಿರುಗೀತು ಎಂದು ಯೋಚಿಸಲಿಲ್ಲ.

ಈ ವಸಂತದಲ್ಲಿ ಅದು ತಿರುಗಿತು. ಆ ಸುದ್ದಿ ತಂದವಳು ಅತ್ತಿಗೆ.

ಅತ್ತಿಗೆ ಊರಿನ ಆಡಳಿತ ಕಚೇರಿಯಲ್ಲಿ ಇಂಜಿನಿಯರು. ಅಣ್ಣನನ್ನು ಮದುವೆಯಾಗುವ ಮೊದಲು ಶಾಲೆಯಲ್ಲಿ ಬೋರ್ಡಕ್ಕನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಹಾಗಾಗಿ ಇಬ್ಬರ ನಡುವೆ ನೀವು, ತಾವು ಎಂಬ ಮರ್ಯಾದೆ ಯಾವತ್ತೂ ಇರಲಿಲ್ಲ. ಒಂದು ಸಂಜೆ ಅವಳು ಸಿಹಿಯ ಪೊಟ್ಟಣ ಹಿಡಿದು, ಚಪ್ಪಲಿಯನ್ನೂ ಬಿಡದೆ ನೇರ ಅಂಗಡಿಯೊಳಕ್ಕೆ ಬಂದಳು. ಬೋರ್ಡಕ್ಕ ಆಸ್ಪತ್ರೆಯವರ ಬೋರ್ಡಿಗೆ ಕೊನೆಯ ಕೈ ಆಡಿಸುತ್ತಿದ್ದಳು. ಬಿಳಿ ತಗಡಿನ ಮೇಲೆ ಕೆಂಪು ಅಕ್ಷರ: 'ಹೆರಿಗೆ ವಾರ್ಡ್. ಸದ್ದು ಮಾಡಬೇಡಿ.'

"ಬಾಯಿ ತೆಗಿ," ಅಂದಳು ಅತ್ತಿಗೆ.

"ಕೈಯೆಲ್ಲ ಬಣ್ಣ. ಏನು ವಿಷಯ?"

"ಕೈ ಯಾರು ಕೇಳಿದ್ರು? ಬಾಯಿ ತೆಗಿ ಅಂದೆ." ಒಂದು ತುಂಡು ತುರುಕಿದಳು. "ನಿನ್ನ ಸರೋವರಕ್ಕೆ ಹೂಳೆತ್ತೋ ಕೆಲಸ ಮಂಜೂರಾಯ್ತು. ನಾನೇ ಬೆನ್ನು ಹತ್ತಿ ಮಾಡಿಸಿದೆ. ನಾಡಿದ್ದು ಯಂತ್ರ ಬರುತ್ತೆ. ಆ ಜೊಂಡೆಲ್ಲ ಕಿತ್ತು, ಕೆಸರು ಎತ್ತಿ, ಸುತ್ತ ಕಲ್ಲು ಕಟ್ಟಿಸ್ತಾರೆ. ಕೂತ್ಕೊಳ್ಳೋಕೆ ಬೆಂಚು ಕೂಡ ಹಾಕಿಸ್ತೀನಿ. ಪಾಪ, ಎಷ್ಟು ವರ್ಷ ಅಂತ ಆ ಕಲ್ಲಿನ ಮೇಲೆ ಕೂರ್ತೀಯ."

ಬೋರ್ಡಕ್ಕ ಕುಂಚ ಕೆಳಗಿಟ್ಟಳು. ಸಿಹಿಯನ್ನು ನೀರು ಕುಡಿದು ಇಳಿಸಿಕೊಂಡು, "ಜೊಂಡು ಯಾಕೆ ಕೀಳ್ಬೇಕು?" ಅಂದಳು.

"ಮತ್ತೆ? ಸರೋವರ ಅಂದ್ಮೇಲೆ ನೀರು ಕಾಣ್ಬೇಕಲ್ಲ."

"ಗೂಡು ಕಟ್ಟಿವೆ. ಮೊಟ್ಟೆ ಇಟ್ಟಿವೆ."

"ಹಕ್ಕಿಗೆ ರೆಕ್ಕೆ ಇಲ್ವಾ? ಹಾರಿ ಹೋಗ್ತಾವೆ."

"ಮೊಟ್ಟೆಗೆ ಇಲ್ವಲ್ಲ."

ಅತ್ತಿಗೆಯ ಮುಖ ಸಣ್ಣದಾಯಿತು. ಪೊಟ್ಟಣವನ್ನು ಬಣ್ಣದ ಡಬ್ಬಿಯ ಮೇಲೆ ಕುಕ್ಕಿದಳು. "ನಿನಗೆ ಒಳ್ಳೇದು ಮಾಡೋಕೆ ಬಂದೋರು ಮೊದಲು ಚಪ್ಪಲಿಯಲ್ಲಿ ಹೊಡ್ಕೊಂಡು ಬರ್ಬೇಕು," ಎಂದು ಒಳಗೆ ಹೋದಳು. ಒಳಗಿನಿಂದ ಅಣ್ಣನ ದನಿ ಕೇಳಿಸಿತು: "ನನ್ನನ್ನ ಮಧ್ಯ ಎಳೀಬೇಡಿ. ನಾನು ಟೀ ಕುಡೀತಿದ್ದೀನಿ."

ಮಾರನೆಯ ದಿನ ಬೋರ್ಡಕ್ಕ ಕಚೇರಿಗೆ ಹೋದಳು. ಅತ್ತಿಗೆಯ ಮೇಜನ್ನು ದಾಟಿಯೇ ದೊಡ್ಡ ಸಾಹೇಬರ ಕೋಣೆಗೆ ಹೋಗಬೇಕು. ಅತ್ತಿಗೆ ತಲೆ ಎತ್ತಲಿಲ್ಲ, ಕ್ಯಾಲ್ಕುಲೇಟರಿನ ಗುಂಡಿಗಳನ್ನು ಬೇಕಿದ್ದಕ್ಕಿಂತ ಜೋರಾಗಿ ಒತ್ತಿದಳು. ಸಾಹೇಬರು ಮಾತ್ರ ಎದ್ದು ನಿಂತು ಬರಮಾಡಿಕೊಂಡರು. ಅವರ ಬಾಗಿಲ ಮೇಲಿನ ಹುದ್ದೆಯ ಫಲಕ ಬರೆದವಳೂ ಬೋರ್ಡಕ್ಕನೇ.

"ಬನ್ನಿ ಬನ್ನಿ. ನಿಮ್ಮ ಅಕ್ಷರ ಅಂದ್ರೆ ಮುತ್ತು ಪೋಣಿಸಿದ ಹಾಗೆ. ನೋಡಿ, ನಿಮ್ಮ ಸರೋವರದ ಬೋರ್ಡು." ಮೊಬೈಲ್ ತಿರುಗಿಸಿ ತೋರಿಸಿದರು. ಫೋಟೊದಲ್ಲಿ ಅವಳದೇ ನೀಲಿ ಅಕ್ಷರಗಳು, ಅವಳದೇ ಬಿಳಿ ನೆರಳು.

"ಸಾಹೇಬರೇ, ಅದು ಸರೋವರ ಅಲ್ಲ," ಅಂದಳು ಬೋರ್ಡಕ್ಕ. ಹೇಳುವಾಗ ನಾಲಿಗೆ ತಡವರಿಸಿತು. "ಜೌಗು. ಜೊಂಡೇ ಅದರ ಜೀವ. ಕೆಸರು ತೆಗೆದ್ರೆ ಏನೂ ಉಳಿಯಲ್ಲ. ಊರಿನ ಕೊಳೆ ನೀರೆಲ್ಲ ಅಲ್ಲೇ ಸೋಸಿ ಹೋಗೋದು. ಮಳೆ ಜೋರಾದಾಗ ನಮ್ಮ ಓಣಿಗೆ ನೀರು ನುಗ್ಗದೇ ಇರೋದೂ ಅದರಿಂದಲೇ. ಅದಿರ್ಲಿ, ಈಗ ಹಕ್ಕಿಗಳು ಕಾವಿಗೆ ಕೂತಿವೆ. ಮರಿ ಹಾರೋ ತನಕ ಆದ್ರೂ ಬಿಡಿ."

ಸಾಹೇಬರು ಸಮಾಧಾನದಿಂದ ಕೇಳಿದರು. ಸಮಾಧಾನದಿಂದಲೇ ಹೇಳಿದರು, "ಜೌಗು ಅಂತೀರಾ? ಹಾಗಾದ್ರೆ ಅದು ನಮ್ಮದಲ್ಲ. ಬೇರೆ ವಿಭಾಗ."

"ಅವರು ಏನು ಮಾಡ್ತಾರೆ?"

"ಮಣ್ಣು ತುಂಬಿಸಿ ಸಮ ಮಾಡ್ತಾರೆ."

ಸಾಹೇಬರು ಎರಡೂ ಕೈಗಳನ್ನು ತಕ್ಕಡಿಯ ಹಾಗೆ ಮುಂದೆ ಹಿಡಿದರು.

"ಸರೋವರ ಅಂದ್ರೆ ನಾವು ಹೂಳು ತೆಗೀತೀವಿ. ಜೌಗು ಅಂದ್ರೆ ಅವರು ಮಣ್ಣು ಹಾಕ್ತಾರೆ. ಯಾವುದು ಬೇಕೋ ನೀವೇ ಹೇಳಿ."

"ಎರಡೂ ಬೇಡ. ಇರೋ ಹಾಗೆ ಬಿಟ್ರೆ ಸಾಕು."

"ಇರೋ ಹಾಗೆ ಬಿಡೋದಕ್ಕೆ ನಮ್ಮಲ್ಲಿ ವಿಭಾಗ ಇಲ್ವಲ್ಲಮ್ಮ," ಎಂದರು ಸಾಹೇಬರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ವಿಷಾದವೇ ಇತ್ತು. ಕುಹಕವಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಬೋರ್ಡಕ್ಕ ಕೈಕೈ ಹಿಸುಕಿಕೊಂಡು ಎದ್ದು ಬಂದಳು. ಬಾಗಿಲು ದಾಟುವಾಗ ಹಿಂದಿನಿಂದ ಅವರು ಕರೆದು ಹೇಳಿದರು, "ಆ ಫಲಕದಲ್ಲಿ ನನ್ನ ಹುದ್ದೆ ಸ್ವಲ್ಪ ಮಾಸಿದೆ. ಯಾವಾಗಾದ್ರೂ ಬಂದು ಒಂದು ಕೈ ಹಚ್ಚಿಕೊಡಿ."

ಯಂತ್ರ ಹೇಳಿದ ದಿನಕ್ಕೆ ಸರಿಯಾಗಿ ಬಂತು. ಈ ಊರಿನಲ್ಲಿ ಯಾವ ಕೆಲಸವೂ ಹೇಳಿದ ದಿನಕ್ಕೆ ಆದದ್ದಿಲ್ಲ, ಇದೊಂದು ಆಯಿತಲ್ಲ ಎಂದು ಬೋರ್ಡಕ್ಕ ಶಪಿಸಿದಳು. ಅವಳು ಓಣಿಯಲ್ಲಿ ಓಡಿ ಬರುವಷ್ಟರಲ್ಲಿ ಹಳದಿ ಯಂತ್ರ ಬೋರ್ಡಿನ ಎಡಗಡೆಯಿಂದ ಇಳಿದು ಜೊಂಡಿನ ಒಂದು ಬದಿಯನ್ನು ಬಾಚಿ ಎತ್ತಿಯಾಗಿತ್ತು. ಬಕೆಟ್ಟಿನಿಂದ ಕಪ್ಪು ಕೆಸರು ಸುರಿಯುತ್ತಿತ್ತು. ಕಿತ್ತ ಬುಡಗಳು ಬಿಳಿಯಾಗಿ, ಸೊಪ್ಪಿನ ದಂಟಿನಂತೆ ಹೊಳೆಯುತ್ತಿದ್ದವು. ಮೇಲೆ ಒಂದು ನೀರುಕೋಳಿ ಸುತ್ತು ಹೊಡೆಯುತ್ತ ಒಂದೇ ಸಮನೆ ಕೂಗುತ್ತಿತ್ತು. ಕಪ್ಪೆಗಳ ಸದ್ದೇ ಇರಲಿಲ್ಲ. ಅದೇ ಅವಳಿಗೆ ಮೊದಲು ತಾಗಿದ್ದು. ತುಂಬಿದ ಸಭೆಯಲ್ಲಿ ಯಾರೋ ಕೆನ್ನೆಗೆ ಹೊಡೆದ ಮೇಲಿನ ಮೌನದ ಹಾಗಿತ್ತು.

ವಾಕಿಂಗಿನವರು ದಂಡೆಯಲ್ಲಿ ಸಾಲಾಗಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಅವಳನ್ನು ಕಂಡು ಚಪ್ಪಾಳೆ ತಟ್ಟಿದರು.

"ಎಲ್ಲ ನಿಮ್ಮಿಂದಲೇ ಆಯ್ತು ಬೋರ್ಡಕ್ಕ," ಎಂದರು ಒಬ್ಬ ನಿವೃತ್ತ ಮೇಷ್ಟ್ರು. "ನೀವು ಆ ಹೆಸರು ಇಡದೇ ಹೋಗಿದ್ರೆ ಈ ಕೊಂಪೆಗೆ ಯಾರು ಕಣ್ಣೆತ್ತಿ ನೋಡ್ತಿದ್ರು?"

ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಹೊಗಳುವವರ ಬಾಯಿಗೆ ಏನನ್ನು ತುಂಬಿ ಮುಚ್ಚುವುದು? ಕೆಸರಿಗೆ ಇಳಿದು, ಸೀರೆಯ ಅಂಚು ನೆನೆಯಲಿ ಎಂದು ಬಿಟ್ಟು, ಯಂತ್ರದ ಮುಂದೆ ಹೋಗಿ ನಿಂತು ಕೈ ಎತ್ತಿದಳು. ಡ್ರೈವರು ಎಂಜಿನ್ ಆರಿಸಿ ಕೆಳಗೆ ಬಗ್ಗಿ ನೋಡಿದ. ದಪ್ಪ ಮೀಸೆ, ಕಿವಿಗೆ ಹತ್ತಿಯ ಉಂಡೆ.

"ಏನಕ್ಕ? ಹೂತುಹೋಗ್ತೀರಿ, ಪಕ್ಕಕ್ಕೆ ಬನ್ನಿ."

"ನಿಲ್ಸಪ್ಪ. ಇಲ್ಲಿ ಗೂಡಿವೆ."

ಅವನು ಕಿವಿಯ ಹತ್ತಿ ತೆಗೆದ. "ಗೊತ್ತಕ್ಕ. ಮೊದಲನೇ ಬಕೆಟ್ಟಲ್ಲೇ ಒಂದು ಬಂತು. ನನಗೂ ಕಸಿವಿಸಿ ಆಯ್ತು. ಏನ್ಮಾಡ್ಲಿ, ಸರೋವರದ ಹೂಳೆತ್ತು ಅಂತ ಹೇಳಿ ಕಳಿಸಿದ್ದಾರೆ. ಬೋರ್ಡಲ್ಲೂ ಸರೋವರ ಅಂತಲೇ ಇದೆ."

"ಬೋರ್ಡು ಬರೆದೋಳು ನಾನೇ. ತಪ್ಪು ಬರೆದಿದ್ದೀನಿ."

"ಅದು ನನಗೆ ಬೇಡಕ್ಕ." ಅವನು ನಕ್ಕ. "ಹೋದ ವರ್ಷ ಬೋರ್ಡು ನೋಡದೆ ಯಾರದೋ ಹಿತ್ತಿಲು ಅಗೆದುಬಿಟ್ಟೆ. ಟೊಮೆಟೊ ಗಿಡ ಎಲ್ಲ ಮಗುಚಿ ಬಿತ್ತು. ಆ ಯಜಮಾನಿ ನನ್ನ ಅಟ್ಟಿಸ್ಕೊಂಡು ಬಂದಿದ್ದು ನೋಡ್ಬೇಕಿತ್ತು. ಆವತ್ತಿಂದ ಶಪಥ. ಬೋರ್ಡು ಓದದೆ ಬಕೆಟ್ ಇಳಿಸಲ್ಲ. ಊಟ ಮಾಡಿ ಬಂದ್ರೂ ಮತ್ತೆ ಒಂದ್ಸಲ ಓದ್ತೀನಿ. ಇಲ್ಲಿ ಓದಿದೆ, ಇಳಿಸಿದೆ. ಟೀ ಕುಡಿದು ಬರ್ತೀನಿ, ಅಷ್ಟರಲ್ಲಿ ಕಚೇರಿಗೆ ಹೇಳಿ ನಿಲ್ಲಿಸೋಕೆ ಆದ್ರೆ ನಿಲ್ಸಿ. ನನಗೇನೂ ಹಟ ಇಲ್ಲ."

ಬೋರ್ಡಕ್ಕ ಅತ್ತಿಗೆಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಅತ್ತಿಗೆ ಕತ್ತರಿಸಿದಳು. ಟೀ ಅಂಗಡಿ ಓಣಿಯ ಆ ತುದಿಯಲ್ಲೇ ಇತ್ತು. ಒಂದು ಟೀ ಎಷ್ಟು ಹೊತ್ತು ಕುಡಿದಾನು?

ಅವಳು ಕೆಸರುಗಾಲಲ್ಲೇ ಮನೆಗೆ ಓಡಿದಳು. ಬೋರ್ಡಿನ ಮೇಲಿನ ಆ ಪದವನ್ನು ಅಳಿಸಬೇಕು. ಬಿಳಿ ಬಣ್ಣದ ಡಬ್ಬಿ ಎತ್ತಿದಳು. ಮುಚ್ಚಳ ಕಚ್ಚಿ ಹಿಡಿದಿತ್ತು. ಚಾಕು ಹಾಕಿ ಮೀಟಿದರೆ ಒಳಗೆ ಕೆನೆ ಗಟ್ಟಿಯಾಗಿ ಕೂತಿದೆ. ಅಳಿಸಿದರೂ ಏನು ಬರೆಯುವುದು? 'ಜೌಗು' ಎಂದರೆ ಮಣ್ಣಿನ ಲಾರಿ. 'ಸರೋವರ' ಎಂದರೆ ಈ ಯಂತ್ರ. ಅಪ್ಪನ ಅಷ್ಟೂ ಪದ್ಯಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಬೆಟ್ಟಕ್ಕೆ ಎಷ್ಟು ಹೆಸರು, ಮೋಡಕ್ಕೆ ಎಷ್ಟು, ತಾವರೆಗಂತೂ ಬಾಯಿ ನೋಯುವಷ್ಟು. ಆ ತಾವರೆ ಕಾಲೂರಿದ ಕೆಸರಿನ ಎದುರು ಕೈ ಮುಗಿದು ನಿಂತು ಹೇಳುವಂಥ ಒಂದು ಮಾತು ಸಿಗಲಿಲ್ಲ. ಇಷ್ಟು ವರ್ಷ ಕಿವಿ ತೆರೆದು ಕೇಳಿದ್ದೆಲ್ಲ ಹೊತ್ತಿಗೆ ಸರಿಯಾಗಿ ಕೈ ಕೊಟ್ಟಿತಲ್ಲ ಎಂದು ಅವಳು ತಲೆ ಚಚ್ಚಿಕೊಂಡಳು.

ತಲೆ ಎತ್ತಿದಾಗ ಗೋಡೆಗೆ ಒರಗಿಸಿದ್ದ ಆಸ್ಪತ್ರೆಯ ಬೋರ್ಡು ಕಂಡಿತು. ಬಿಳಿ ತಗಡು, ಕೆಂಪು ಅಕ್ಷರ. ಪೂರ್ತಿ ಒಣಗಿತ್ತು.

ಟೀ ಮುಗಿಸಿ ಬೀಡಿ ಹಚ್ಚಿಕೊಂಡು ಡ್ರೈವರು ವಾಪಸು ಬಂದಾಗ ನೀಲಿ ಬೋರ್ಡು ಕಾಣುತ್ತಿರಲಿಲ್ಲ. ಅದರ ಮೇಲೆ ಇನ್ನೊಂದನ್ನು ತಂತಿಯಿಂದ ಬಿಗಿದು ಕಟ್ಟಲಾಗಿತ್ತು. ಬೋರ್ಡಕ್ಕ ಪಕ್ಕದಲ್ಲಿ ತಂತಿ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಅವನು ಅಭ್ಯಾಸದಂತೆ ನಿಂತು ಓದಿದ. ಮತ್ತೊಮ್ಮೆ ಓದಿದ. ಬೀಡಿಯನ್ನು ನೆಲಕ್ಕೆ ಹಾಕಿ ತುಳಿದ.

"ಹೆರಿಗೆ ವಾರ್ಡು," ಅಂದ.

"ಹೌದು."

"ಸದ್ದು ಮಾಡಬಾರದು."

"ಮಾಡಬಾರದು."

ಅವನು ಮೇಲೆ ಸುತ್ತುತ್ತಿದ್ದ ನೀರುಕೋಳಿಯನ್ನು ನೋಡಿದ. ಅವನ ಮೀಸೆ ಅಲುಗಿತು. ನಗು ಬಂತೋ ಬೇರೇನೋ, ಹೇಳುವುದು ಕಷ್ಟ. ಫೋನ್ ತೆಗೆದು ಕಚೇರಿಗೆ ಹಚ್ಚಿದ. "ಸಾಹೇಬರೇ, ಇಲ್ಲಿ ಬೋರ್ಡು ಬೇರೆ ಇದೆ... ಇಲ್ಲ, ಸರೋವರ ಅಂತ ಇಲ್ಲ... ಹೆರಿಗೆ ವಾರ್ಡ್ ಅಂತಿದೆ... ಕುಡಿದಿಲ್ಲ ಸಾರ್, ಟೀ ಕುಡಿದಿದ್ದೀನಿ ಅಷ್ಟೆ... ಯಾರಾದ್ರೂ ಬಂದು ನೋಡಿ ಇದೇ ಜಾಗ ಅಂತ ಹೇಳಿ. ಅಲ್ಲಿ ತನಕ ನಾನು ಕೈ ಹಾಕಲ್ಲ. ಟೊಮೆಟೊ ವಿಷಯ ಮರೆತಿಲ್ಲ ನಾನು."

ನೋಡಲು ಬಂದವಳು ಅತ್ತಿಗೆಯೇ. ಆಟೋದಿಂದ ಇಳಿಯುವಾಗಲೇ ಅವಳ ಕಣ್ಣು ಕೆಂಪಾಗಿತ್ತು. ವಾಕಿಂಗಿನವರು ಮೊಬೈಲು ಎತ್ತಿದರು. ಅವಳು ಒಮ್ಮೆ ನೋಡಿದ ನೋಟಕ್ಕೆ ಎಲ್ಲರೂ ಇಳಿಸಿದರು.

"ಕಚೇರಿಯಲ್ಲಿ ನನ್ನ ಮಾನ ಉಳಿಸ್ಲಿಲ್ಲ ನೀನು," ಅಂದಳು ಹಲ್ಲು ಕಡಿದು. "ಇಂಜಿನಿಯರಮ್ಮ, ಯಾರಿಗೆ ಹೆರಿಗೆ, ಅಂತ ಜವಾನ ಕೂಡ ಕೇಳ್ದ."

"ಏನು ಹೇಳ್ದೆ?"

"ನಮ್ಮ ಮನೆಯಲ್ಲಿ ಒಬ್ಬಳಿಗೆ ತಲೆ ಕೆಟ್ಟಿದೆ ಅಂದೆ."

"ಸರಿಯಾಗೇ ಹೇಳಿದ್ದೀಯ. ನಾನು ತಗಡು ಬಿಚ್ಚಲ್ಲ. ನೀನೇ ಬಿಚ್ಚು. ಬಿಚ್ಚೋಕೆ ಮೊದಲು ಅಲ್ಲಿ ನೋಡು."

ಬೋರ್ಡಕ್ಕ ತೋರಿಸಿದ್ದು ಕಿತ್ತ ಕೆಸರಿನ ಗುಡ್ಡೆಯನ್ನು. ಅದರ ಅಂಚಿನಲ್ಲಿ ಹುಲ್ಲಿನ ಒಂದು ಬಟ್ಟಲು ಮಗುಚಿ ಬಿದ್ದಿತ್ತು. ಒಡೆದ ಚಿಪ್ಪಿನ ಮೇಲಿನ ಕಂದು ಚುಕ್ಕೆಗಳು ಯಾರೋ ಕುಂಚ ಕೊಡವಿದ ಹಾಗಿದ್ದವು. ಅತ್ತಿಗೆ ನೋಡಿದಳು. ಮನಸ್ಸು ಕರಗಿತು ಎಂದು ಹೇಳಲು ಆಗುವುದಿಲ್ಲ, ಅವಳು ಕರಗುವ ಪೈಕಿ ಅಲ್ಲ. ಆದರೆ ತಂತಿಗೆ ಕೈ ಹಾಕಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಡ್ರೈವರಿನ ಕಡೆ ತಿರುಗಿ, "ಯಂತ್ರ ಈಚೆ ತೆಗಿ," ಅಂದಳು. "ಬೋರ್ಡಿನ ವಿಷಯ ಇತ್ಯರ್ಥ ಆಗೋ ತನಕ ಕೆಲಸ ನಿಲ್ಲಿಸಿದೆ ಅಂತ ಬರ್ಕೊಳ್ತೀನಿ. ಇತ್ಯರ್ಥ ಮಾಡಬೇಕಾದೋಳು ನಾನೇ. ನಿಧಾನಕ್ಕೆ ಮಾಡ್ತೀನಿ."

ಯಂತ್ರ ಹೋಯಿತು. ಎಡಗಡೆಯ ಜೊಂಡೆಲ್ಲ ಹೋಗಿತ್ತು. ಅಲ್ಲಿ ಮಣ್ಣುಬಣ್ಣದ ನೀರು ಬೋಳು ತಲೆಯ ಹಾಗೆ ಹೊಳೆಯುತ್ತಿತ್ತು. ವಾಕಿಂಗಿನವರಿಗೆ ಆ ಭಾಗವೇ ಬಹಳ ಇಷ್ಟವಾಯಿತು. "ಈಗ ನೋಡಿ, ಸರೋವರ ಅಂದ್ರೆ ಹೀಗಿರ್ಬೇಕು. ಪೂರ್ತಿ ಮಾಡಿಸಿಬಿಡಿ," ಎಂದು ಮೇಷ್ಟ್ರು ಹೇಳಿಯೇ ಹೋದರು. ಬೋರ್ಡಕ್ಕ ತಂತಿಯ ಗಂಟನ್ನು ಇನ್ನೊಮ್ಮೆ ಬಿಗಿದಳು. ಆದರೂ ಮಾರನೆಯ ಬೆಳಗ್ಗೆ ಆ ಕಡೆ ಬಂದವರು ಕೆಂಪು ಅಕ್ಷರ ಓದಿ, ಯಾಕೆಂದು ಗೊತ್ತಿಲ್ಲದೆ ದನಿ ತಗ್ಗಿಸಿದರು. ಮೇಷ್ಟ್ರು ಕೂಡ ಮೊಬೈಲಿನ ಹಾಡು ಆರಿಸಿದರು. ಉಳಿದ ಜೊಂಡಿನೊಳಗಿಂದ ಒಂದು ಕಪ್ಪೆ ಹಿಂಜರಿಯುತ್ತ ದನಿ ಎತ್ತಿತು. ಹಿಂದಿನಿಂದ ಹಿಡಿದುಕೊಂಡ ದನಿಗಳು ಮೊದಲಿನಷ್ಟು ಇರಲಿಲ್ಲ.

ಅತ್ತಿಗೆ ಕೆಲವು ದಿನ ಮಾತು ಬಿಟ್ಟಳು. ಅಣ್ಣ ನಡುವೆ ಕೂತು, "ಉಪ್ಪು ಕೊಡು ಅಂತೆ", "ಇಲ್ಲ ಅಂತೆ" ಎಂದು ಇಬ್ಬರ ಮಾತನ್ನೂ ಆ ಕಡೆ ಈ ಕಡೆ ದಾಟಿಸಿದ. ಒಂದು ಸಂಜೆ ಅಂಗಡಿಯ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಬೋರ್ಡಕ್ಕ ಹೊಸ ತಗಡಿಗೆ ಬಿಳಿ ಬಳಿದು ಮುಗಿಸಿ, ಕೆಂಪು ಡಬ್ಬಿ ತೆರೆಯುತ್ತಿದ್ದಳು. ಬೋರ್ಡು ಎಲ್ಲಿ ಎಂದು ಆಸ್ಪತ್ರೆಯವರು ಆಗಲೇ ಎರಡು ಸಲ ಹೇಳಿ ಕಳಿಸಿದ್ದರು.

"ಹೆರಿಗೆ ಆದ್ಮೇಲೆ ಡಿಸ್ಚಾರ್ಜ್ ಅಂತ ಇರುತ್ತಲ್ಲ," ಅಂದಳು ಅತ್ತಿಗೆ, ಬಾಗಿಲಲ್ಲೇ ನಿಂತು. "ಆ ದಿನ ಹೇಳು. ಯಂತ್ರ ಮತ್ತೆ ಅಲ್ಲಿಗೆ ಕಳಿಸ್ಬೇಕು. ಸಾಹೇಬರು ದಿನಾ ಕೇಳ್ತಿದ್ದಾರೆ. ನಾನು ಎಷ್ಟು ದಿನ ಅಂತ ಸುಳ್ಳು ಹೇಳ್ಲಿ?"

ಬೋರ್ಡಕ್ಕ ಕುಂಚವನ್ನು ಸೀಮೆಎಣ್ಣೆಯಿಂದ ತೆಗೆದು ಬಟ್ಟೆಗೆ ಒರೆಸಿದಳು. ಹೇಳಬೇಕಾದದ್ದು ಬಹಳ ಇತ್ತು. ಅಪ್ಪನ ಹಾಗೆ ಗೋಡೆಗೆ ಒರಗಿ ಕೂತು, ಒಂದೊಂದೇ ಸಾಲು ಬಿಡಿಸಿ ಹೇಳಬೇಕಿತ್ತು. ಅದಕ್ಕೆ ಬೇಕಾದ ಆ ಒಂದು ಪದ ಇನ್ನೂ ಅವಳ ಕೈಗೆ ಸಿಕ್ಕಿರಲಿಲ್ಲ.

"ಒಬ್ಬರದ್ದು ಮುಗಿಯೋ ಹೊತ್ತಿಗೆ ಅಲ್ಲಿ ಇನ್ನೊಬ್ಬರದ್ದು ಶುರುವಾಗಿರುತ್ತೆ," ಅಂದಳು. "ನೀರುಕೋಳಿ ಆದ್ಮೇಲೆ ಕಪ್ಪೆ. ಕಪ್ಪೆ ಆದ್ಮೇಲೆ ಮೀನು. ಆ ವಾರ್ಡು ಖಾಲಿ ಆಗಲ್ಲ, ಅತ್ತಿಗೆ."

"ಹಾಗಾದ್ರೆ ಜನ್ಮವಿಡೀ ನಿನ್ನ ಜೊತೆ ಗುದ್ದಾಡ್ಬೇಕು ನಾನು."

"ಹೂಂ."

ಅತ್ತಿಗೆ ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಪಾತ್ರೆಗಳ ಸದ್ದು ಕೇಳಿಸಿತು, ಬೇಕಿದ್ದಕ್ಕಿಂತ ಜೋರಾಗಿ. ಬೋರ್ಡಕ್ಕ ಕುಂಚವನ್ನು ಕೆಂಪಿನಲ್ಲಿ ಅದ್ದಿ, ಬಿಳಿ ತಗಡಿನ ಮೇಲೆ ಮತ್ತೆ 'ಹೆ' ಎಂದು ಶುರುಮಾಡಿದಳು.